ಗಡ್ಡೆಯ ಪುಸ್ತಕಗಳು, ಅಪ್ಪನ ಶಾರ್ಟ್‌ವೇವ್ ಮತ್ತು ಒಂದು ಹಾರ್ಮೋನಿಯಂ

"ಭಾನುವಾರ ಚರ್ಚಲ್ಲಿ ಕೀರ್ತನೆ ಹಾಡ್ತೀಯ, ಸೋಮವಾರ ಕ್ಯಾಬಲ್ಲಿ ಮೆಟಾಲಿಕಾ ಕೇಳ್ತೀಯ, ಇದೆಂಥಾ ರುಚಿಯೋ ನಿಂದು?" ಅಂತ ಆಫೀಸಿನ ಗೆಳೆಯ ಆಗಾಗ ಕೇಳ್ತಿರ್ತಾನೆ. ಊರಲ್ಲಿ ದೊಡ್ಡಮ್ಮನ ಮಾತು ಇನ್ನೂ ಖಾರ: "ಅದು ಸೈತಾನನ ಹಾಡು, ಮನ್ಯಾಗ ಹಚ್ಚಬ್ಯಾಡ." ಇಬ್ಬರಿಗೂ ಸೇರಿಸಿ ಒಂದೇ ಉತ್ತರ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಸ್ವಲ್ಪ ಉದ್ದ ಆಯ್ತು, ಸಹಿಸಿಕೊಳ್ಳಿ :)

ಮೊದಲು ಭೂಗೋಳ. ವಿರೂಪಾಪುರಗಡ್ಡೆ ಅಂದ್ರೆ ಹಂಪಿಯ ಎದುರಿಗೆ, ತುಂಗಭದ್ರೆಯ ನಮ್ಮ ಕಡೆ, ಗಂಗಾವತಿ ತಾಲೂಕಿಗೆ ಸೇರಿದ ನಡುಗಡ್ಡೆ. 1948ರವರೆಗೆ ಈ ದಂಡೆ ನಿಜಾಮನದು, ಆ ದಂಡೆ ಮದ್ರಾಸಿನದು. ಹೊಳೆ ದಾಟಿದರೆ ಸರ್ಕಾರ ಬೇರೆ, ಮಾತು ಮಾತ್ರ ಅದೇ ಕನ್ನಡ. ಹೈದರಾಬಾದಿನ ನಿಜಾಮರ ರೇಡಿಯೋ ಆಕಾಶವಾಣಿಯ ಕೈಗೆ ಬಂದದ್ದು 1950ರಲ್ಲಿ. ಧಾರವಾಡ ಕೇಂದ್ರ ಶುರುವಾದದ್ದೂ ಅದೇ ವರ್ಷ.

ಹಾಡಿನ ಕತೆ ಅದಕ್ಕಿಂತ ಹಳೇದು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೆಲಸ ಶುರು ಮಾಡಿದ್ದು 1810ರಲ್ಲಿ. ಮಂಗಳೂರಿಗೆ ಬಾಸೆಲ್ ಮಿಷನ್ನಿನವರು ಬಂದದ್ದು 1834ರಲ್ಲಿ. ಅವರು ತಮ್ಮ ಜರ್ಮನ್ ರಾಗಗಳಿಗೆ ಕನ್ನಡ ಪದ ಕೂರಿಸಿದರು. ತೊಂದರೆ ಏನಂದ್ರೆ ಕನ್ನಡದಲ್ಲಿ ಹ್ರಸ್ವ ದೀರ್ಘ ಆದರೆ ಅರ್ಥವೇ ಬದಲಾಗುತ್ತೆ. ರಾಗ ಎಳೆದ ಕಡೆ ಪದವನ್ನೂ ಎಳೀಬೇಕು. ಚಿಕ್ಕಂದಿನಲ್ಲಿ ಕೆಲವು ಹಾಡುಗಳನ್ನ ನಾನು ಒಂದಕ್ಷರ ಅರ್ಥವಾಗದೆ, ಪೂರ್ತಿ ಭಕ್ತಿಯಿಂದ ಹಾಡಿದ್ದೀನಿ! ನಿಘಂಟಿನ ಕಿಟ್ಟೆಲ್ಲರಿಗೆ ಈ ಕಷ್ಟ ಕಾಣಿಸಿರಬೇಕು ಅಂತ ನನ್ನ ಊಹೆ. 1862ರಲ್ಲೇ ಅವರು 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನ ನಮ್ಮ ಪದ್ಯದ ದಾರಿಯಲ್ಲಿ ಹೇಳಿದರು, ಆಮೇಲೆ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೇ ಸಂಪಾದಿಸಿ ಅಚ್ಚು ಹಾಕಿಸಿದರು. ಪಾದ್ರಿ ಅಂದ್ರೆ ಹೀಗಿರಬೇಕು ನೋಡಿ.

ಮಿಷನರಿಗಳ ಜೊತೆ ಬಂದ ಇನ್ನೊಂದು ವಸ್ತು ಹಾರ್ಮೋನಿಯಂ. ಯುರೋಪಿನಲ್ಲಿ ಕಾಲಿನಿಂದ ತಿದಿ ಒತ್ತುತ್ತಿದ್ದ ಪೆಟ್ಟಿಗೆ ಇಲ್ಲಿ ನೆಲದ ಮೇಲೆ ಕೂತು ಕೈಯಲ್ಲಿ ನುಡಿಸುವಂಥದ್ದಾಯ್ತು. ಚರ್ಚಿನಿಂದ ನಾಟಕ ಕಂಪನಿಗೆ, ಭಜನೆಗೆ, ಎಲ್ಲಾ ಕಡೆ ಹೋಯ್ತು. ಆದರೆ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಇದನ್ನ ನಿಷೇಧಿಸಿತು! ಶ್ರುತಿ ಬಾಗಲ್ಲ, ಗಮಕ ಬರಲ್ಲ, ಇದು ಪರದೇಶದ ವಾದ್ಯ ಅಂತ ಆಕ್ಷೇಪ. ರವೀಂದ್ರನಾಥ ಠಾಕೂರರಿಗೂ ಇದನ್ನ ಕಂಡ್ರೆ ಆಗ್ತಿರಲಿಲ್ಲ. ಸುಮಾರು ಮೂರು ದಶಕ ಹಾರ್ಮೋನಿಯಂಗೆ ಸ್ಟುಡಿಯೋ ಬಾಗಿಲು ಮುಚ್ಚಿತ್ತು. ಹಳ್ಳಿಯ ಭಜನಾ ಮಂಡಳಿಗೆ ಮಾತ್ರ ಅದು ಯಾವತ್ತೂ ಪರದೇಶದ್ದು ಅನ್ನಿಸಲೇ ಇಲ್ಲ.

ಇಂಥದ್ದೇ ಇನ್ನೊಂದು ಶುದ್ಧಿಯ ಕತೆ ಸಚಿವ ಕೇಸ್ಕರ್ ಅವರದ್ದು. 1952ರಲ್ಲಿ ಅವರು ಸಿನಿಮಾ ಹಾಡುಗಳನ್ನ ಆಕಾಶವಾಣಿಯಿಂದ ದೂರ ಇಟ್ಟರು. ಜನ ಸುಮ್ನೆ ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಯುದ್ಧಕಾಲದಲ್ಲಿ ಮಿತ್ರಪಡೆಯ ಸೈನಿಕರಿಗೆ ಅಂತ ಹಾಕಿದ್ದ ಭಾರೀ ಪ್ರಸಾರಕ ಅವರ ಕೈಯಲ್ಲಿತ್ತು. ಬಿನಾಕಾ ಗೀತಮಾಲಾ ನಿಮಗೆಲ್ಲ ಗೊತ್ತೇ ಇದೆ. ಅದೇ ನಿಲಯದ ಇಂಗ್ಲಿಷ್ ವಿಭಾಗದಲ್ಲಿ ಪಾಶ್ಚಾತ್ಯ ಪಾಪ್ ಹಾಡುಗಳೂ ಬರ್ತಿದ್ದವು, ಹಣ ಕೊಟ್ಟು ಸಮಯ ಕೊಂಡ ಕ್ರೈಸ್ತ ಕಾರ್ಯಕ್ರಮಗಳೂ ಬರ್ತಿದ್ದವು. ಮುಖೇಶ್, ಕ್ಲಿಫ್ ರಿಚರ್ಡ್, ಬೈಬಲ್ ಪಾಠ ಎಲ್ಲಾ ಒಂದೇ ಪೆಟ್ಟಿಗೆಯಲ್ಲಿ. ನಮ್ಮ ತಾತನ ಕಿವಿ ಕಲಬೆರಕೆ ಆಗಿದ್ದು ಇಲ್ಲಿಂದ. ಆಕಾಶವಾಣಿ ಕೊನೆಗೆ 1957ರಲ್ಲಿ ವಿವಿಧ ಭಾರತಿ ತೆರೆದು ಸೋಲೊಪ್ಪಿಕೊಂಡಿತು.

ಅಪ್ಪನ ಕಾಲಕ್ಕೆ ಬಂದದ್ದು ಫೀಬಾ ರೇಡಿಯೋ. ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪದಿಂದ 1970ರಲ್ಲಿ ಶುರುವಾಗಿ ಶಾರ್ಟ್‌ವೇವ್‌ನಲ್ಲಿ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಬರ್ತಿತ್ತು. ಮೈಲಿಗಟ್ಟಲೆ ಸಮುದ್ರ ದಾಟಿ, ಗಂಗಾವತಿಯ ಭತ್ತದ ಗದ್ದೆ ಮೇಲೆ, ಅಲೆಅಲೆಯಾಗಿ ಏಳುತ್ತಾ ಬೀಳುತ್ತಾ ಕನ್ನಡ ಕೀರ್ತನೆ! ಅಪ್ಪ ಟೇಪ್ ರೆಕಾರ್ಡರನ್ನ ರೇಡಿಯೋ ಮುಂದೆ ಇಟ್ಟು ರೆಕಾರ್ಡ್ ಮಾಡ್ಕೊಳ್ತಿದ್ದರು. ಸೇಶೆಲ್ಸ್ ಪ್ರಸಾರ 2003ರಲ್ಲಿ ನಿಂತಿತು. ಜಾನಿ ಕ್ಯಾಶ್ ತೀರಿಕೊಂಡದ್ದೂ ಅದೇ ವರ್ಷ. ಸಂಬಂಧ ಏನಿಲ್ಲ, ಆದರೂ ನನ್ನ ತಲೆಯಲ್ಲಿ ಎರಡೂ ಒಟ್ಟಿಗೇ ಕೂತಿವೆ.

ಆ ಜಾನಿ ಕ್ಯಾಶ್ ನನಗೆ ಸಿಕ್ಕಿದ್ದು ಗಡ್ಡೆಯಲ್ಲಿ. ಇಂಜಿನಿಯರಿಂಗ್ ಓದುವಾಗ ರಜೆಗೆ ಬಂದಾಗಲೆಲ್ಲ ಬೈಕ್ ಹತ್ತಿ ಅಲ್ಲಿಗೆ ಹೋಗ್ತಿದ್ದೆ. ಇಸ್ರೇಲಿಗರು, ಯುರೋಪಿನವರು ಹೋಗೋವಾಗ ಬಿಟ್ಟುಹೋದ ಪುಸ್ತಕಗಳನ್ನ ಗೆಸ್ಟ್ ಹೌಸಿನವರು ಕಪಾಟಲ್ಲಿ ಇಟ್ಟು ಮಾರ್ತಿದ್ದರು. ಕ್ಯಾಶ್‌ನ 1997ರ ಆತ್ಮಕತೆ ನೂರು ರೂಪಾಯಿಗೆ ಸಿಕ್ತು, ಮೊದಲ ಪುಟದಲ್ಲಿ ಹೀಬ್ರೂನಲ್ಲಿ ಯಾರದೋ ಹೆಸರು. ಓದ್ತಾ ಹೋದ್ರೆ ಅರ್ಕನ್ಸಾದ ಹತ್ತಿ ಹೊಲ, ಬಡತನ, ಅಮ್ಮನ ಭಕ್ತಿಗೀತೆ, ರೇಡಿಯೋ ಪಕ್ಕ ಕಿವಿ ಇಟ್ಟ ಹುಡುಗ. 1944ರಲ್ಲಿ ಗರಗಸದ ಅಪಘಾತದಲ್ಲಿ ತೀರಿಕೊಂಡ, ಬೋಧಕ ಆಗಬೇಕು ಅಂತಿದ್ದ ಅಣ್ಣ. ಹತ್ತಿ ಬಿಡಿಸೋದು ನಮ್ಮ ಕಡೆಯವರಿಗೆ ವಿವರಿಸಬೇಕಾ?

ಆಮೇಲೆ ಬಾಬ್ ಡಿಲನ್‌ನ 2004ರ 'ಕ್ರಾನಿಕಲ್ಸ್'. 1979ರಿಂದ 81ರವರೆಗೆ ಆತ ಮೂರು ಕ್ರೈಸ್ತ ಆಲ್ಬಂ ಮಾಡಿದ, ಅಭಿಮಾನಿಗಳಿಂದ ಬೈಸಿಕೊಂಡ. ನಾನು ಆ ಭಾಗಕ್ಕೇ ಹುಡುಕಿದೆ. ಪುಣ್ಯಾತ್ಮ ಆ ವರ್ಷಗಳನ್ನೇ ಹಾರಿಸಿಬಿಟ್ಟಿದ್ದಾನೆ! ಲಿಟಲ್ ರಿಚರ್ಡ್ ಆದ್ರೆ 1957ರಲ್ಲಿ ಆಸ್ಟ್ರೇಲಿಯಾ ಪ್ರವಾಸದ ಮಧ್ಯೆಯೇ ರಾಕ್ ಬಿಟ್ಟು ದೇವರ ಸೇವೆಗೆ ಹೋಗಿ, ಆಮೇಲೆ ವಾಪಸ್ ಬಂದ. ಇವರಿಗೂ ಮುಂಚೆ ಸಿಸ್ಟರ್ ರೊಸೆಟಾ ಥಾರ್ಪ್ ಅನ್ನೋ ಹೆಣ್ಣುಮಗಳು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಸುವಾರ್ತೆ ಹಾಡ್ತಿದ್ದಳು. 1944ರಲ್ಲಿ ಆಕೆ ರೆಕಾರ್ಡ್ ಮಾಡಿದ ಹಾಡನ್ನೇ ರಾಕ್‌ನ ಮೊದಲ ಹಾಡು ಅಂತ ಎಷ್ಟೋ ಜನ ವಾದಿಸ್ತಾರೆ. ಅಂದ್ರೆ ಸೈತಾನನ ಹಾಡಿನ ತವರುಮನೆ ಚರ್ಚೇ. ದೊಡ್ಡಮ್ಮನಿಗೆ ಇದನ್ನ ಹೇಳೋ ಧೈರ್ಯ ಇನ್ನೂ ಬಂದಿಲ್ಲ.

ಗಡ್ಡೆಯ ಕತೆ ಮುಗೀತು. 2015ರ ಹೈಕೋರ್ಟ್ ತೀರ್ಪನ್ನ ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿದು, ಮಾರ್ಚಿನಲ್ಲಿ ರೆಸಾರ್ಟುಗಳನ್ನ ಕೆಡವಿದರು. ಸ್ಮಾರಕಗಳ ಮಗ್ಗುಲಲ್ಲಿ ಆ ಪಾಟಿ ಕಟ್ಟಬಾರದಿತ್ತು, ಒಪ್ತೀನಿ. ಆದ್ರೆ ಅಡಿಗೆ ಮಾಡ್ತಿದ್ದ, ರೂಮು ಗುಡಿಸ್ತಿದ್ದ ಜನರ ಬಗ್ಗೆ ಯಾರೂ ಅಷ್ಟಾಗಿ ಬರೀಲಿಲ್ಲ. ಆ ಪುಸ್ತಕದ ಕಪಾಟುಗಳು ಎಲ್ಲಿ ಹೋದವೋ.

ಈಗ ನನ್ನ ಕೈಯಲ್ಲಿರೋ ಕೆಲಸ ಅಪ್ಪನ ಕ್ಯಾಸೆಟ್ಟುಗಳದ್ದು. ಹದಿನಾಲ್ಕಿವೆ, ಐದಕ್ಕೆ ಬೂಷ್ಟು ಹಿಡಿದಿದೆ. ಉಳಿದವನ್ನ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸ್ತಿದ್ದೀನಿ. ಕೀರ್ತನೆಯ ಹಿಂದೆ ಶಾರ್ಟ್‌ವೇವ್‌ನ ಗೊರಗೊರ, ಅದರ ಹಿಂದೆ ನಮ್ಮ ಎಮ್ಮೆ ಕೂಗು, ಒಂದು ಕಡೆ "ಸದ್ದು ಮಾಡಬ್ಯಾಡ್ರೋ" ಅಂತ ಅಪ್ಪನ ದನಿ. ನಿಮ್ಮ ಮನೆಯಲ್ಲೂ ಇಂಥ ರೇಡಿಯೋ ಟೇಪುಗಳಿದ್ರೆ ದಯವಿಟ್ಟು ಎಸೀಬೇಡಿ, ನನಗೊಂದು ಮಾತು ತಿಳಿಸಿ. ಟೇಪ್ ಡೆಕ್ ನನ್ನ ಹತ್ರ ಇದೆ.