ಜೋಧಾಳ ನೆರಳಿನಲ್ಲಿ ಮಾನ್‌ಬಾಯಿ

ಹಟಮಾರಿ ರಾಜಕುಮಾರಿ, ಕಲ್ಲೆದೆಯ ಬಾದಶಹ, ಇಬ್ಬರ ನಡುವೆ ಹುಳಿ ಹಿಂಡುವ ಸಾಕುತಾಯಿ, ಹೊಟ್ಟೆಕಿಚ್ಚಿನ ಸವತಿ. ಜೀ ಟಿ.ವಿ.ಯಲ್ಲಿ 2013ರ ಜೂನ್‌ನಿಂದ 2015ರ ಆಗಸ್ಟ್‌ವರೆಗೆ ಪ್ರಸಾರವಾದ ‘ಜೋಧಾ ಅಕ್ಬರ್’ ಹಿಂದಿ ಧಾರಾವಾಹಿ ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರೇಕ್ಷಕರನ್ನು ಹಿಡಿದಿಟ್ಟುಕೊಂಡದ್ದು ಈ ನಾಲ್ವರ ಬಲದಿಂದಲೇ. ಅಕ್ಬರನಾಗಿ ರಜತ್ ಟೋಕಸ್, ಜೋಧಾಳಾಗಿ ಪರಿಧಿ ಶರ್ಮಾ ಮನೆಮಾತಾದರು. ಇಡೀ ಮೊಘಲ್ ಸಾಮ್ರಾಜ್ಯದ ಏಳುಬೀಳು ಅಂತಃಪುರದ ಮುನಿಸು-ಮತ್ಸರಗಳಲ್ಲೇ ತೀರ್ಮಾನವಾಗುತ್ತದೆಂಬ ಭಾವನೆ ನೋಡುಗರಲ್ಲಿ ಮೂಡಿದ್ದರೆ ಆಶ್ಚರ್ಯವಿಲ್ಲ.

ಇತಿಹಾಸದಲ್ಲೂ ಸಂಚುಗಳಿಗೆ ಕೊರತೆ ಇರಲಿಲ್ಲ. ಕಣ್ಣೀರಿಗೂ ಇರಲಿಲ್ಲ. ಆದರೆ ಅವುಗಳ ಕಾರಣ ಬೇರೆ, ಅವು ಸುಟ್ಟ ಮನೆಗಳೂ ಬೇರೆ.

ಹೆಸರೇ ಸಮಸ್ಯೆ

ಮೊದಲ ತೊಡಕು ನಾಯಕಿಯ ಹೆಸರಿನದು. ಅಂಬೇರಿನ ರಾಜಾ ಭಾರಮಲ್ಲನ ಮಗಳನ್ನು ಅಕ್ಬರ್ ಮದುವೆಯಾದದ್ದು ನಿಜ. ಆದರೆ ಅಬುಲ್ ಫಜಲ್ ಬರೆದ ‘ಅಕ್ಬರ್‌ನಾಮಾ’ದಲ್ಲಿ ಆಕೆಯ ಹೆಸರು ಜೋಧಾ ಎಂದು ಎಲ್ಲಿಯೂ ಇಲ್ಲ. ದಾಖಲೆಗಳಲ್ಲಿ ಕಾಣುವುದು ‘ಮರಿಯಂ-ಉಜ್-ಜಮಾನಿ’ ಎಂಬ ಬಿರುದು ಮಾತ್ರ. ಜೋಧಾಬಾಯಿ ಎಂಬ ಹೆಸರನ್ನು ಇತಿಹಾಸಕಾರರು ಸಾಮಾನ್ಯವಾಗಿ ತಳಕು ಹಾಕುವುದು ಆಕೆಯ ಸೊಸೆ ಜಗತ್ ಗೋಸಾಯಿಗೆ. ಈಕೆ ಜೋಧಪುರದ ಉದಯಸಿಂಹನ ಮಗಳು, ಜಹಾಂಗೀರನ ಪತ್ನಿ, ಷಹಜಹಾನನ ತಾಯಿ. ಅತ್ತೆಗೆ ಸೊಸೆಯ ಹೆಸರು ಅಂಟಿಕೊಂಡಿತು. ಇದೇ ಹೆಸರಿನ ಚಲನಚಿತ್ರ 2008ರಲ್ಲಿ ತೆರೆಗೆ ಬಂದಾಗ ರಾಜಸ್ಥಾನದ ರಜಪೂತ ಸಂಘಟನೆಗಳು ಪ್ರತಿಭಟಿಸಿದ್ದಕ್ಕೂ ಈ ಗೊಂದಲವೇ ಮುಖ್ಯ ಕಾರಣ.

ಒತ್ತೆಯಾಳುಗಳ ಬಿಡುಗಡೆ

ಈ ಮದುವೆಗೆ ಪ್ರೇಮ ಕಾರಣವಾಗಿರಲಿಲ್ಲ. ಭಾರಮಲ್ಲನ ಸೋದರನ ಮಗ ಸೂಜಾ ಅಂಬೇರಿನ ಗದ್ದುಗೆ ತನ್ನದೆಂದು ಹಕ್ಕು ಸಾಧಿಸುತ್ತಿದ್ದ. ಮೇವಾತದ ಮೊಘಲ್ ಅಧಿಕಾರಿ ಮಿರ್ಜಾ ಷರಫುದ್ದೀನ್ ಹುಸೇನ್ ಅವನ ಬೆನ್ನಿಗೆ ನಿಂತು ದಾಳಿ ಮಾಡಿದ. ಭಾರಮಲ್ಲನ ಮಗ ಜಗನ್ನಾಥನೂ ಇಬ್ಬರು ಬಂಧುಗಳೂ ಒತ್ತೆಯಾಳುಗಳಾಗಿ ಅವನ ವಶವಾದರು. 1562ರ ಆರಂಭದಲ್ಲಿ ಅಕ್ಬರ್ ಅಜ್ಮೀರದ ಯಾತ್ರೆಗೆ ಹೊರಟಾಗ ಭಾರಮಲ್ಲ ದಾರಿಯಲ್ಲಿ ಅವನನ್ನು ಕಂಡು ಮೊರೆಯಿಟ್ಟ. ಒತ್ತೆಯಾಳುಗಳ ಬಿಡುಗಡೆಗೆ ಆಜ್ಞೆಯಾಯಿತು. ಬಾದಶಹ ಯಾತ್ರೆಯಿಂದ ಮರಳುವಾಗ ಸಾಂಭರದಲ್ಲಿ ಮದುವೆ ನಡೆಯಿತು. ಆಗ ಅಕ್ಬರನಿಗೆ ಹತ್ತೊಂಬತ್ತು ವರ್ಷ.

ಮಗಳನ್ನು ಕೊಟ್ಟ ಮನೆತನಕ್ಕೆ ರಾಜ್ಯ ಉಳಿಯಿತು, ದರ್ಬಾರಿನಲ್ಲಿ ಸ್ಥಾನವೂ ದೊರೆಯಿತು. ಭಾರಮಲ್ಲನ ಮಗ ಭಗವಂತದಾಸ, ಮೊಮ್ಮಗ ಮಾನ್‌ಸಿಂಗ್ ಇಬ್ಬರೂ ಅಕ್ಬರನ ಸೇವೆಗೆ ಸೇರಿದರು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಇಲ್ಲಿ ಸುಳ್ಳಾಯಿತು. ಕೊಟ್ಟ ಹೆಣ್ಣೇ ಕುಲವನ್ನು ದರ್ಬಾರಿಗೆ ಕಟ್ಟಿಹಾಕುವ ಹಗ್ಗವಾದಳು.

ಸಾಕುತಾಯಿಯ ದುರಂತ

ಧಾರಾವಾಹಿಯ ಖಳನಾಯಕಿ ಮಹಮ್ ಅಂಗಾ ಕಲ್ಪನೆಯ ಪಾತ್ರವಲ್ಲ. 1560ರಲ್ಲಿ ಬೈರಾಮ್ ಖಾನನನ್ನು ಅಧಿಕಾರದಿಂದ ಇಳಿಸುವುದರಲ್ಲಿ ಈ ಸಾಕುತಾಯಿಯ ಪಾತ್ರ ದೊಡ್ಡದು. ಆದರೆ ಆಕೆಯ ಚಿಂತೆ ಸೊಸೆಯ ಬಗ್ಗೆ ಅಲ್ಲ, ಮಗ ಅಧಮ್ ಖಾನನ ಬಗ್ಗೆ. 1561ರಲ್ಲಿ ಮಾಳವ ಗೆದ್ದ ಅಧಮ್ ಖಾನ್ ಕೊಳ್ಳೆಯ ಸೊತ್ತನ್ನು ತಾನೇ ಇಟ್ಟುಕೊಂಡ. ಅವನು ಬಚ್ಚಿಟ್ಟಿದ್ದ ಇಬ್ಬರು ಸೆರೆಹೆಣ್ಣುಗಳು ಬಾಯಿಬಿಟ್ಟಾರೆಂದು ಮಹಮ್ ಅಂಗಾ ಅವರನ್ನು ಕೊಲ್ಲಿಸಿದಳೆಂದು ಅಬುಲ್ ಫಜಲ್ ಬರೆದಿದ್ದಾನೆ.

1562ರ ಮೇ ತಿಂಗಳಲ್ಲಿ ಅಧಮ್ ಖಾನನ ಕಡೆಯವರು ಆಗ್ರಾದ ಅರಮನೆಯಲ್ಲೇ ಅತ್ಗಾ ಖಾನನನ್ನು ಕೊಂದರು. ರಾಜ್ಯಾಡಳಿತ ನಡೆಸುತ್ತಿದ್ದ ಅತ್ಗಾ ಖಾನ್ ಅಕ್ಬರನಿಗೆ ಹಾಲೂಡಿಸಿದ ಜೀಜಿ ಅಂಗಾಳ ಗಂಡ. ಎಚ್ಚೆತ್ತ ಅಕ್ಬರ್ ಕೊಲೆಗಡುಕನನ್ನು ಮಹಡಿಯಿಂದ ಕೆಳಕ್ಕೆ ಎಸೆಯಿಸಿದ. ಜೀವ ಹೋಗಲಿಲ್ಲವೆಂದು ಮತ್ತೊಮ್ಮೆ ಎತ್ತಿ ಎಸೆಯಿಸಿದ. ಮಗನ ಸಾವಿನ ನಲವತ್ತು ದಿನಗಳಲ್ಲಿ ಮಹಮ್ ಅಂಗಾ ತೀರಿಕೊಂಡಳು. ದೆಹಲಿಯ ಮೆಹ್ರೌಲಿಯಲ್ಲಿ ಅಕ್ಬರನೇ ಕಟ್ಟಿಸಿದ ಗೋರಿಯಲ್ಲಿ ತಾಯಿ-ಮಗ ಮಲಗಿದ್ದಾರೆ. ಅಂದರೆ ಸಾಂಭರದ ಮದುವೆಯಾಗಿ ಕೆಲವೇ ತಿಂಗಳಲ್ಲಿ ಆಕೆಯ ಕಥೆ ಮುಗಿದಿತ್ತು.

ಸವತಿ ರುಖೈಯಾ ಕೂಡ ನಿಜವಾದ ವ್ಯಕ್ತಿ. ಆದರೆ ಮಕ್ಕಳಿಲ್ಲದ ಆಕೆಯ ಮಡಿಲಿಗೆ ಅಕ್ಬರ್ ಒಪ್ಪಿಸಿದ ಮಗು ಖುರ್ರಂ, ಮುಂದಿನ ಷಹಜಹಾನ್. ಅವನು ಮರಿಯಂ-ಉಜ್-ಜಮಾನಿಯ ಮಗ ಸಲೀಮನ ಮಗ. ಪರದೆಯ ಮೇಲೆ ಹೊಟ್ಟೆಕಿಚ್ಚಿನಿಂದ ಉರಿಯುವವಳು ಇತಿಹಾಸದಲ್ಲಿ ಸವತಿಯ ಮೊಮ್ಮಗನನ್ನು ಸಾಕಿದಳು.

ಎರಡು ನಿಷ್ಠೆಗಳ ನಡುವೆ

ಹಾಗಾದರೆ ಮೊಘಲ್-ರಜಪೂತ ಸಂಬಂಧದ ನಿಜವಾದ ಮನೋಸಂಕಟ ಎಲ್ಲಿದೆ? ಮುಂದಿನ ತಲೆಮಾರಿನಲ್ಲಿದೆ. ಭಗವಂತದಾಸನ ಮಗಳು ಮಾನ್‌ಬಾಯಿ 1585ರಲ್ಲಿ ಸಲೀಮನನ್ನು, ಎಂದರೆ ಮುಂದಿನ ಜಹಾಂಗೀರನನ್ನು, ಮದುವೆಯಾದಳು. ಅವನಿಗೆ ಆಕೆ ಸೋದರಮಾವನ ಮಗಳು. 1587ರಲ್ಲಿ ಹುಟ್ಟಿದ ಮಗ ಖುಸ್ರೋ.

1600ರಲ್ಲಿ ಸಲೀಂ ತಂದೆಯ ವಿರುದ್ಧವೇ ತಿರುಗಿಬಿದ್ದು ಅಲಹಾಬಾದಿನಲ್ಲಿ ಪ್ರತ್ಯೇಕ ದರ್ಬಾರು ಹೂಡಿದ. ಆಗ ಕೆಲವು ಪ್ರಭಾವಿ ಸರದಾರರ ಕಣ್ಣು ಮೊಮ್ಮಗ ಖುಸ್ರೋನ ಮೇಲೆ ಬಿತ್ತು. ಅವರಲ್ಲಿ ಮುಖ್ಯರು ಇಬ್ಬರು: ಖುಸ್ರೋನ ಸೋದರಮಾವ ಮಾನ್‌ಸಿಂಗ್ ಮತ್ತು ಖುಸ್ರೋಗೆ ಹೆಣ್ಣು ಕೊಟ್ಟ ಅಜೀಜ್ ಕೋಕಾ. ಈ ಅಜೀಜ್ ಕೋಕಾ 1562ರಲ್ಲಿ ಕೊಲೆಯಾದ ಅತ್ಗಾ ಖಾನನ ಮಗ. ಒಂದು ಕಡೆ ಗಂಡ, ಇನ್ನೊಂದು ಕಡೆ ಮಗ. ಮಗನ ಬೆನ್ನಿಗೆ ತವರುಮನೆ. ತಂದೆಗೆ ಎದುರಾಗಬೇಡವೆಂದು ಮಾನ್‌ಬಾಯಿ ಮಗನಿಗೆ ಮೇಲಿಂದ ಮೇಲೆ ಕಾಗದ ಬರೆದಳು. ಮಗ ಕಿವಿಗೊಡಲಿಲ್ಲ. ಅಕ್ಬರನ ಆಳ್ವಿಕೆಯ ಕೊನೆಯ ದಿನಗಳಲ್ಲಿ ಆಕೆ ಅಫೀಮು ನುಂಗಿ ಪ್ರಾಣ ಬಿಟ್ಟಳು. ನಾಲ್ಕು ದಿನ ತಾನು ಅನ್ನ-ನೀರು ಮುಟ್ಟಲಿಲ್ಲವೆಂದು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಮಗನ ನಡತೆಯ ಜೊತೆಗೆ ತನ್ನ ಸೋದರ ಮಾಧೋಸಿಂಗನ ವರ್ತನೆಯೂ ಆಕೆಯನ್ನು ನೋಯಿಸಿತ್ತೆಂದು ಅವನೇ ಹೇಳುತ್ತಾನೆ.

ಆಕೆ ಹೆದರಿದ್ದೇ ಮುಂದೆ ನಡೆಯಿತು. 1606ರಲ್ಲಿ ಖುಸ್ರೋ ಬಂಡೆದ್ದು ಸೋತ. ತಂದೆಯ ಆಜ್ಞೆಯಂತೆ ಅವನ ಕಣ್ಣುಗಳಿಗೆ ಶಿಕ್ಷೆಯಾಯಿತು. 1622ರಲ್ಲಿ ಬುರ್ಹಾನ್‌ಪುರದಲ್ಲಿ, ಮಲತಮ್ಮ ಖುರ್ರಂನ ವಶದಲ್ಲಿದ್ದಾಗ ಸತ್ತ. ಖುರ್ರಂನೇ ಕೊಲ್ಲಿಸಿದನೆಂಬುದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಆ ಖುರ್ರಂ ಜಗತ್ ಗೋಸಾಯಿಯ ಮಗ. ಅಂಬೇರಿನ ಮಗಳು ಹೆತ್ತವನಿಗೆ ಜೋಧಪುರದ ಮಗಳು ಹೆತ್ತವನೇ ಮೃತ್ಯುವಾದ.

ಇಲ್ಲಿ ಧರ್ಮ ಧರ್ಮಗಳ ಜಗಳವಿಲ್ಲ, ಸವತಿಯರ ಕಾದಾಟವೂ ಇಲ್ಲ. ಇದ್ದದ್ದು ಉತ್ತರಾಧಿಕಾರಕ್ಕೆ ನಿಶ್ಚಿತ ನಿಯಮವಿಲ್ಲದ ಸಿಂಹಾಸನ, ಮತ್ತು ಎರಡು ಮನೆತನಗಳನ್ನು ಬೆಸೆಯಲೆಂದು ಕೊಟ್ಟ ಹೆಣ್ಣುಮಕ್ಕಳು. ಬೆಸುಗೆ ಬಿಟ್ಟಾಗ ಮೊದಲು ಒಡೆದದ್ದು ಅವರ ಬದುಕು. ಜೋಧಾ ಎಂಬ ಹೆಸರು ಇಂದು ಮನೆಮನೆಗೂ ಗೊತ್ತು. ಪ್ರಯಾಗರಾಜದ ಖುಸ್ರೋ ಬಾಗ್‌ನಲ್ಲಿ ಮಗನ ಗೋರಿಯ ಬಳಿಯಲ್ಲೇ ಇರುವ ಮಾನ್‌ಬಾಯಿಯ ಗೋರಿಯ ಮುಂದೆ ನಿಂತು ಇವಳು ಯಾರೆಂದು ಕೇಳುವವರು ವಿರಳ.