ಗುಂಯ್ ಅನ್ನುವ ಸದ್ದಿನ ಚರಿತ್ರೆ

ಆಂಪ್ಲಿಫೈಯರ್ ಆನ್ ಮಾಡಿರ್ತೀವಿ, ಹಾಡು ಇನ್ನೂ ಶುರುವಾಗಿರಲ್ಲ, ಅಷ್ಟರಲ್ಲೇ ಸ್ಪೀಕರಿನಿಂದ 'ಗುಂಯ್...' ಅಂತ ಒಂದು ಸದ್ದು ಬರುತ್ತಲ್ಲ, ಹೆಚ್ಚಿನವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಾಲ್ಯೂಮ್ ಏರಿಸಿದರೆ ಹಾಡಿನೊಳಗೆ ಮುಚ್ಚಿಹೋಗುತ್ತೆ, ಅಷ್ಟೇ. ಆದರೆ ಈ ಸದ್ದಿಗೆ ಸುಮಾರು ನೂರು ವರ್ಷದ ಚರಿತ್ರೆ ಇದೆ. ಅದಕ್ಕೂ ಶಾಕ್ ಹೊಡೆಯುವುದಕ್ಕೂ ಹಳೇ ನಂಟು. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಮೊದಮೊದಲು ಈ ಸದ್ದೇ ಇರಲಿಲ್ಲ! ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ 'ಆಡಿಯಾನ್' ಎಂಬ ವಾಲ್ವ್ ಮಾಡಿದ. ಮುಂದೆ ಅದೇ ಜಾತಿಯ ವಾಲ್ವುಗಳಿಂದ ಆಂಪ್ಲಿಫೈಯರ್, ರೇಡಿಯೋ ಎಲ್ಲ ಬಂದವು. 1920ರ ದಶಕದ ಶುರುವಿನ ರೇಡಿಯೋಗಳು ನಡೆಯುತ್ತಿದ್ದದ್ದು ಬ್ಯಾಟರಿಯಲ್ಲಿ. ವಾಲ್ವಿನೊಳಗಿನ ತಂತಿ ಕಾಯಿಸಲು ಒಂದು, ಹೆಚ್ಚು ವೋಲ್ಟೇಜಿಗೆ ಇನ್ನೊಂದು. ಬ್ಯಾಟರಿಯ ಕರೆಂಟು ನೆಟ್ಟಗೆ ಒಂದೇ ಸಮ ಇರುತ್ತೆ, ಹಾಗಾಗಿ ಗುಂಯ್ ಇಲ್ಲ. ಆದರೆ ಬ್ಯಾಟರಿ ಹೊತ್ತುಕೊಂಡು ಹೋಗಿ ಚಾರ್ಜ್ ಮಾಡಿಸಬೇಕು, ಆಸಿಡ್ ಚೆಲ್ಲಿ ಜಮಖಾನೆ ತೂತು ಬೀಳುತ್ತೆ. ಗೋಡೆಯ ಪ್ಲಗ್ಗಿಗೇ ಹಾಕುವಂತಿದ್ದರೆ ಎಷ್ಟು ಚೆನ್ನ ಅಂತ ಎಲ್ಲರಿಗೂ ಅನ್ನಿಸಿದ್ದು ಸಹಜವೇ.

ತೊಂದರೆ ಶುರುವಾಗಿದ್ದು ಅಲ್ಲಿಂದ. ಗೋಡೆಯ ಕರೆಂಟು ಎಸಿ. ನಮ್ಮಲ್ಲಿ ಸೆಕೆಂಡಿಗೆ 50 ಸಲ, ಅಮೆರಿಕ-ಕೆನಡಾಗಳಲ್ಲಿ 60 ಸಲ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಅದರಲ್ಲೇ ವಾಲ್ವಿನ ತಂತಿ ಕಾಯಿಸಿದರೆ ಆ ತೂಗಾಟ ಹಾಡಿನೊಳಗೆ ಬಂದು ಕೂರುತ್ತದೆ. ಇದಕ್ಕೆ ಉಪಾಯವೆಂದರೆ ಕಾಯುವ ತಂತಿ ಬೇರೆ, ಎಲೆಕ್ಟ್ರಾನ್ ಬಿಡುವ ಭಾಗ ಬೇರೆ ಮಾಡುವುದು. ಟೊರಾಂಟೋದ ಎಡ್ವರ್ಡ್ ರೋಜರ್ಸ್ ಇಂಥ ವಾಲ್ವುಗಳಿಂದ 1925ರಲ್ಲಿ ಬ್ಯಾಟರಿಯಿಲ್ಲದ ರೇಡಿಯೋ ಮಾರಾಟಕ್ಕೆ ತಂದ. 1927ರಲ್ಲಿ ಶುರುವಾದ ಅವನ ರೇಡಿಯೋ ನಿಲಯಕ್ಕೆ ಸಿಎಫ್‌ಆರ್‌ಬಿ ಅಂತ ಹೆಸರು. ಅದರಲ್ಲಿ ಕೊನೆಯ 'ಬಿ' ಅಂದರೆ 'ಬ್ಯಾಟರಿಲೆಸ್' :-) ಅಷ್ಟು ದೊಡ್ಡ ಸುದ್ದಿ ಅದು ಆಗ!

ಆದರೂ ಗುಂಯ್ ಪೂರ್ತಿ ಹೋಗಲಿಲ್ಲ. ಎಸಿಯನ್ನು ಡಿಸಿ ಮಾಡುವಾಗ ತೂಗಾಟದ ಎರಡೂ ಅರ್ಧಗಳು ಒಂದೇ ದಿಕ್ಕಿಗೆ ತಿರುಗುತ್ತವೆ, ಹಾಗಾಗಿ 50 ಇದ್ದದ್ದು 100 ಆಗುತ್ತದೆ. ಆ ಏರಿಳಿತವನ್ನು ಸಮ ಮಾಡಲು ದೊಡ್ಡ ಕಂಡೆನ್ಸರ್ ಬೇಕು. ಈ ಲೆಕ್ಕ ಇವತ್ತಿಗೂ ಉಪಯೋಗಕ್ಕೆ ಬರುತ್ತೆ ನೋಡಿ. ಹಳೇ ಆಂಪ್ಲಿಫೈಯರ್ 100 ಹರ್ಟ್ಸಿನಲ್ಲಿ ಗುಂಯ್ ಅಂದರೆ ಬಹಳ ಸಲ ಅದರ ಕಂಡೆನ್ಸರ್ ಒಣಗಿದೆ ಎಂದೇ ಅರ್ಥ. 50 ಹರ್ಟ್ಸಿನ ದಪ್ಪ ಸದ್ದಾದರೆ ಅದು ಹೊರಗಿನ ತಂತಿಗಳ ಮೂಲಕ ನುಗ್ಗಿರುವ ಸಾಧ್ಯತೆ ಹೆಚ್ಚು. ಎರಡರ ನಡುವೆ ಸರಿಯಾಗಿ ಒಂದು ಸ್ಥಾಯಿ ಅಂತರ. ಸಂಗೀತ ಕಲಿತವರು ಮನೆಯಲ್ಲಿದ್ದರೆ ಅವರ ಕಿವಿ ಒಂದು ನಿಮಿಷ ಕಡ ತಗೊಳ್ಳಿ. ವಾಲ್ಯೂಮ್ ಪೂರ್ತಿ ಇಳಿಸಿದರೂ ಸದ್ದು ಹಾಗೇ ಇದ್ದರೆ ಕಾಯಿಲೆ ವಾಲ್ಯೂಮ್ ಕಂಟ್ರೋಲಿನಿಂದ ಈಚೆಗೆ, ಪವರ್ ಸಪ್ಲೈ ಕಡೆಗೆ. ವಾಲ್ಯೂಮಿನ ಜೊತೆ ಏರಿ ಇಳಿದರೆ ಅದಕ್ಕಿಂತ ಮುಂಚೆಯೇ ಎಲ್ಲೋ ಸೇರಿಕೊಂಡಿದೆ.

1930ರ ದಶಕದಲ್ಲಿ ಇನ್ನೊಂದು ಅವತಾರ ಬಂತು. ಆಗ ಎಷ್ಟೋ ಊರುಗಳಲ್ಲಿ ಒಂದು ಬೀದಿಗೆ ಎಸಿ, ಇನ್ನೊಂದಕ್ಕೆ ಡಿಸಿ ಸಪ್ಲೈ. (ಎಡಿಸನ್ 1882ರಲ್ಲಿ ನ್ಯೂಯಾರ್ಕಿಗೆ ಕೊಟ್ಟ ಡಿಸಿ ಪೂರ್ತಿ ನಿಂತಿದ್ದು 2007ರ ನವೆಂಬರಿನಲ್ಲಿ ಅಂದರೆ ನಂಬ್ತೀರಾ?) ಎರಡಕ್ಕೂ ಆಗುವ ಸೆಟ್ ಬೇಕೆಂದು ಕಂಪನಿಗಳು ಟ್ರಾನ್ಸ್‌ಫಾರ್ಮರನ್ನೇ ಕಿತ್ತು ಹಾಕಿದವು. ಖರ್ಚೂ ಉಳಿಯಿತು. ಗೋಡೆಯಿಂದ ಬಂದ ಒಂದು ತಂತಿ ನೇರವಾಗಿ ಒಳಗಿನ ಲೋಹದ ಚಾಸಿಗೆ! ಪ್ಲಗ್ಗು ತಿರುವುಮುರುವು ಹಾಕಿದರೆ ಇಡೀ ಚಾಸಿ ಫೇಸ್ ಆಗುತ್ತದೆ. ನಮಗೂ ಅದಕ್ಕೂ ನಡುವೆ ಇದ್ದದ್ದು ಬೇಕಲೈಟ್ ಡಬ್ಬಿ ಮತ್ತು ಗುಬುಟುಗಳು ಮಾತ್ರ. ಒಂದು ಗುಬುಟು ಬಿದ್ದುಹೋಗಿದ್ದರೆ ಮುಗಿಯಿತು. ಅಟ್ಟದ ಮೇಲಿಂದ ತಾತನ ಕಾಲದ ವಾಲ್ವ್ ರೇಡಿಯೋ ಇಳಿಸಿ, ಅದಕ್ಕೆ ಫೋನ್ ಜೋಡಿಸಿ ಹಾಡು ಕೇಳುವ ಹುಮ್ಮಸ್ಸಿರುವವರು ಇದನ್ನು ನೆನಪಿಡಬೇಕು. ಒಳಗೆ ಟ್ರಾನ್ಸ್‌ಫಾರ್ಮರ್ ಇದೆಯೇ ಅಂತ ತಿಳಿದವರಿಗೆ ತೋರಿಸದೆ ಪ್ಲಗ್ಗಿಗೆ ಹಾಕಬೇಡಿ.

ಈ ನಡುವೆ ಒಂದು ಸುಂದರ ಘಟನೆ. 1927ರ ಆಗಸ್ಟ್ 2ರ ಬೆಳಿಗ್ಗೆ ಬೆಲ್ ಲ್ಯಾಬ್ಸಿನ ಹೆರಾಲ್ಡ್ ಬ್ಲ್ಯಾಕ್ ದೋಣಿಯಲ್ಲಿ ಹಡ್ಸನ್ ನದಿ ದಾಟಿ ಕೆಲಸಕ್ಕೆ ಹೋಗುತ್ತಿದ್ದ. ಆಂಪ್ಲಿಫೈಯರಿನಿಂದ ಹೊರಬಂದ ಸದ್ದಿನ ಒಂದಂಶವನ್ನು ತಿರುಗಿಸಿ ಒಳಕ್ಕೇ ಕಳಿಸಿದರೆ ಅದು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ ಎಂದು ಥಟ್ಟನೆ ಹೊಳೆಯಿತಂತೆ. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಖಾಲಿ ಜಾಗದಲ್ಲೇ ಗೀಚಿಕೊಂಡ. ಇದೇ ನೆಗೆಟಿವ್ ಫೀಡ್‌ಬ್ಯಾಕ್. ಪೇಟೆಂಟ್ ಸಿಗಲು 1937ರವರೆಗೆ ಕಾಯಬೇಕಾಯಿತು. ಮನೆಯ ಆಂಪ್ಲಿಫೈಯರಿಗೆ ಅದರ ಸೊಗಸನ್ನು ತೋರಿಸಿಕೊಟ್ಟದ್ದು ಬ್ರಿಟನ್ನಿನ ಡಿ. ಟಿ. ಎನ್. ವಿಲಿಯಮ್ಸನ್, 1947ರ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ. 15 ವ್ಯಾಟ್ ಪವರ್, ಶೇ. 0.1ರಷ್ಟು ಮಾತ್ರ ವಿಕೃತಿ. ಆ ಚಿತ್ರ ನೋಡಿಕೊಂಡು ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿದ ಹವ್ಯಾಸಿಗಳಿಗೆ ಲೆಕ್ಕವಿಲ್ಲ.

ಆದರೆ ಫೀಡ್‌ಬ್ಯಾಕಿಗೆ ಒಂದು ಮಿತಿ ಇದೆ. ಆಂಪ್ಲಿಫೈಯರಿನ ಒಳಗೆ ಹುಟ್ಟುವ ಗುಂಯ್ ಅನ್ನು ಅದು ತಗ್ಗಿಸುತ್ತದೆ. ಹಾಡಿನ ಜೊತೆಯಲ್ಲೇ ಬಾಗಿಲಲ್ಲಿ ಬಂದ ಗುಂಯ್ ಅದರ ಪಾಲಿಗೆ ಹಾಡೇ! ಮನೆಯಲ್ಲಿ ಟಿವಿ, ಸೆಟ್ ಟಾಪ್ ಬಾಕ್ಸ್, ಕಂಪ್ಯೂಟರ್ ಎಲ್ಲವೂ ಆಂಪ್ಲಿಫೈಯರಿಗೆ ಜೋಡಣೆಯಾದ ಮೇಲೆ ಈ ಎರಡನೇ ಜಾತಿಯೇ ಮುಖ್ಯ ಕಾಟವಾಯಿತು. ಕಂಪ್ಯೂಟರಿನ ಅರ್ಥಿಂಗ್ ಒಂದು ದಾರಿ, ಆಂಪ್ಲಿಫೈಯರಿನದು ಇನ್ನೊಂದು ದಾರಿ, ಎರಡರ ನಡುವೆ ಆಡಿಯೋ ವೈರು. ಸೇರಿ ಒಂದು ಬಳೆ ಆಯಿತು ನೋಡಿ. ಸುತ್ತಲಿನ ಕರೆಂಟು ಆ ಬಳೆಯಲ್ಲಿ ಸಣ್ಣದಾಗಿ ಹರಿಯುತ್ತದೆ, ನಾವು ಬಳಸುವ ಮಾಮೂಲಿ ಆರ್‌ಸಿಎ ವೈರಿನ ಹೊರಗವಚ ಅದನ್ನು ಹಾಡಿಗೆ ಬೆರೆಸುತ್ತದೆ. ಇದನ್ನೇ ಗ್ರೌಂಡ್ ಲೂಪ್ ಅನ್ನುವುದು.

ಇದಕ್ಕೆ ಜನ ಕಂಡುಕೊಂಡ ಅಡ್ಡದಾರಿ ಅಂದರೆ ಅರ್ಥಿಂಗ್ ಪಿನ್ ಮುರಿಯುವುದು, ಇಲ್ಲವೇ ಟೂ ಪಿನ್ ಅಡಾಪ್ಟರ್ ಹಾಕುವುದು. ಸದ್ದು ನಿಲ್ಲುತ್ತದೆ, ನಿಜ. ಜೊತೆಗೆ ರಕ್ಷಣೆಯೂ ಹೋಗುತ್ತದೆ. ನಮ್ಮ ತ್ರೀ ಪಿನ್ ಪ್ಲಗ್ಗಿನ ಮೇಲಿನ ಪಿನ್ ಉದ್ದ, ದಪ್ಪ ಇರುವುದು ಅಂದಕ್ಕಲ್ಲ. ಒಳಗೆ ಹೋಗುವಾಗ ಅದು ಮೊದಲು ತಾಗಬೇಕು, ಬರುವಾಗ ಕೊನೆಗೆ ಬಿಡಬೇಕು ಅಂತ. ಅರ್ಥಿಂಗ್ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಂಗೀತ ಲೋಕದಲ್ಲೇ ಸಾಕ್ಷಿ ಇದೆ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ 3ರಂದು ವೇಲ್ಸಿನ ಸ್ವಾನ್ಸಿಯಲ್ಲಿ, ವೇದಿಕೆಯ ಮೇಲೆ ಮೈಕ್ ಮುಟ್ಟಿ ತೀರಿಕೊಂಡ. ಯಾರ್ಡ್‌ಬರ್ಡ್ಸ್ ತಂಡದ ಗಾಯಕನಾಗಿದ್ದ ಕೀತ್ ರೆಲ್ಫ್ 1976ರ ಮೇ ತಿಂಗಳಲ್ಲಿ ಸತ್ತದ್ದು ವೇದಿಕೆಯಲ್ಲೂ ಅಲ್ಲ, ಮನೆಯಲ್ಲಿ, ಸರಿಯಾಗಿ ಅರ್ಥಿಂಗ್ ಇಲ್ಲದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾ.

ಇಷ್ಟಕ್ಕೂ ಎಷ್ಟು ಕರೆಂಟು ಸಾಕು? ಬರ್ಕ್ಲಿಯ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ ಅಳೆದಿದ್ದ. ಹಿಡಿದ ತಂತಿಯನ್ನು ಬಿಡಲು ಆಗದಂತೆ ಕೈ ಬಿಗಿದುಕೊಳ್ಳಲು ಗಂಡಸರಿಗೆ ಸರಾಸರಿ 16 ಮಿಲಿಆಂಪ್, ಹೆಂಗಸರಿಗೆ 10.5. ಒಂದು 40 ವ್ಯಾಟಿನ ಬಲ್ಬು ನಮ್ಮ 230 ವೋಲ್ಟಿನಲ್ಲಿ ಎಳೆಯುವುದೇ 170ಕ್ಕೂ ಹೆಚ್ಚು! ಇದೇ ಡಾಲ್ಜಿಯಲ್ ಕರೆಂಟು ಸೋರಿದ ಕೂಡಲೇ ಸಪ್ಲೈ ಕಡಿಯುವ ಸಾಧನವನ್ನೂ 1961ರಲ್ಲಿ ಮಾಡಿದ. ಇವತ್ತು ಮೀಟರ್ ಬೋರ್ಡಿನಲ್ಲಿ ಹಾಕಿಸುವ 30 ಮಿಲಿಆಂಪಿನ ಆರ್‌ಸಿಸಿಬಿ ಅದೇ ವಂಶದ್ದು. ಇಲ್ಲದಿದ್ದರೆ ಹಾಕಿಸಿ, ಸ್ಪೀಕರಿಗೆ ಖರ್ಚು ಮಾಡುವ ಮೊದಲು.

ಹಾಗಾದರೆ ಗುಂಯ್‌ಗೆ ಏನು ಮಾಡುವುದು? ಆಂಪ್ಲಿಫೈಯರ್ ಆಫ್ ಮಾಡಿ ಒಳಬರುವ ಎಲ್ಲ ಆಡಿಯೋ ವೈರುಗಳನ್ನು ಕೀಳಿ, ಮತ್ತೆ ಆನ್ ಮಾಡಿ. ಸದ್ದು ಹೋಯಿತಾ? ಹಾಗಾದರೆ ಒಂದೊಂದೇ ವಾಪಸ್ ಹಾಕುತ್ತಾ ಬನ್ನಿ, ಪ್ರತಿ ಸಲವೂ ಆಫ್ ಮಾಡಿಯೇ. ಕೇಬಲ್ ಟಿವಿ ಇರುವ ಮನೆಗಳಲ್ಲಿ ಕಳ್ಳ ಸಾಮಾನ್ಯವಾಗಿ ಆ ಕೇಬಲ್ಲೇ. ಅದು ಬೀದಿಯ ಇನ್ಯಾವುದೋ ಕಡೆಯ ಅರ್ಥಿಂಗನ್ನು ನಿಮ್ಮ ಹಾಲಿಗೆ ಎಳೆದು ತರುತ್ತದೆ. ಕೇಬಲ್ಲಿಗೋ ಆಡಿಯೋ ವೈರಿಗೋ ಐಸೊಲೇಟರ್ ಹಾಕಬಹುದು. ಎಲ್ಲ ಪ್ಲಗ್ಗುಗಳನ್ನು ಒಂದೇ ಬೋರ್ಡಿಗೆ ಹಾಕಿದರೇ ಎಷ್ಟೋ ಸಲ ಕಡಿಮೆಯಾಗುತ್ತದೆ. ಲೂಪನ್ನು ಕಡಿಯುವುದಾದರೆ ಹಾಡಿನ ದಾರಿಯಲ್ಲಿ ಕಡಿಯಬೇಕೇ ಹೊರತು ಅರ್ಥಿಂಗಿನಲ್ಲಲ್ಲ. ವೈರುಗಳೆಲ್ಲ ಸರಿಯಿದ್ದೂ ಗುಂಯ್ ಅನ್ನುವ ಪೆಟ್ಟಿಗೆಗಳೂ ಇವೆ. ಹೊರಗವಚವನ್ನು ಲೋಹದ ಪೆಟ್ಟಿಗೆಗೆ ಸೇರಿಸುವ ಬದಲು ಒಳಗಿನ ಸರ್ಕ್ಯೂಟಿಗೆ ಸೇರಿಸಿದ್ದರೆ ಸದ್ದು ಒಳಗೇ ಬರುತ್ತದೆ ಅಂತ ನೀಲ್ ಮನ್ಸಿ 1995ರಲ್ಲಿ ವಿವರವಾಗಿ ಬರೆದಿದ್ದಾರೆ.

ಮುಚ್ಚಳ ಬಿಚ್ಚುವ ಕೆಲಸ ಮಾತ್ರ ತಿಳಿದವರಿಗೆ ಬಿಡಿ. ಪ್ಲಗ್ಗು ಕಿತ್ತ ಮೇಲೂ ದೊಡ್ಡ ಕಂಡೆನ್ಸರುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ವಾಲ್ವ್ ಸೆಟ್ಟಿನಲ್ಲಿ ಅದು 400 ವೋಲ್ಟೂ ಇರಬಹುದು. ಫ್ಯೂಸ್ ಹೋದರೆ ಅದೇ ಅಳತೆಯದ್ದೇ ಹಾಕಿ, ದಪ್ಪ ತಂತಿ ಸುತ್ತಬೇಡಿ.

ಕೊನೆಯದಾಗಿ, ಲ್ಯಾಪ್‌ಟಾಪ್ ಜೋಡಿಸಿದಾಗ ಮಾತ್ರ ಗುಂಯ್ ಅಂದರೆ ಅದರ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಕಾರಣ ಚಾರ್ಜರಿನ ದಾರಿಯಲ್ಲೇ ಇದೆ. ಐಸೊಲೇಟರ್ ತರುವವರೆಗೆ 1920ರಲ್ಲಿ ಕೇಳುತ್ತಿದ್ದ ಹಾಗೆ ಬ್ಯಾಟರಿಯಲ್ಲೇ ಹಾಡು ಕೇಳಿ :-)