ಉಕ್ಕಿನ ಕಟ್ಟಡಗಳಲ್ಲಿ ಬೋಲ್ಟಿನ ಬಿಗಿತ

ಉಕ್ಕಿನ ಸೇತುವೆಗಳನ್ನೂ ಸೌಧಗಳನ್ನೂ ಕಟ್ಟುವುದರಲ್ಲಿ ಬಹುಕಾಲ ರಿವೆಟ್ಟಿಗೇ ಪ್ರಾಧಾನ್ಯವಿದ್ದಿತು. ಕೆಂಪಗೆ ಕಾಯಿಸಿ ಬಡಿದ ರಿವೆಟ್ಟು ಆರುವಾಗ ಕುಗ್ಗಿ ಫಲಕಗಳನ್ನು ಅಪ್ಪಿಹಿಡಿಯುವುದು. ಆದರೆ ಆ ಹಿಡಿತವು ಇಷ್ಟೇ ಎಂದು ಮೊದಲೇ ನಿರ್ಣಯಿಸುವಂತಿರಲಿಲ್ಲ.

ಹೆಚ್ಚು ಬಲವುಳ್ಳ ಉಕ್ಕಿನ ಬೋಲ್ಟನ್ನು ಸಾಕಷ್ಟು ಬಿಗಿದರೆ ಫಲಕಗಳು ಪರಸ್ಪರ ಘರ್ಷಣೆಯಿಂದಲೇ ಜಾರದೆ ನಿಲ್ಲಬಲ್ಲುವೆಂಬುದನ್ನು 1934ರಲ್ಲಿ ಇಂಗ್ಲೆಂಡಿನ ಬಾಥೋ ಮತ್ತು ಬೇಟ್‌ಮನ್ ಎಂಬವರು ಪ್ರತಿಪಾದಿಸಿದರು. ಇಂತಹ ಬೋಲ್ಟು, ಬಿಗಿತವು ಸಾಕಷ್ಟಿದ್ದರೆ, ಮರುಮರುಕಳಿಸುವ ಭಾರವನ್ನು ತಡೆಯುವುದರಲ್ಲಿ ರಿವೆಟ್ಟಿಗೆ ಕಡಮೆಯಲ್ಲವೆಂದು 1938ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಂದ ವಿದಿತವಾಯಿತು. ಅಲ್ಲಿ 1947ರಲ್ಲಿ ಸಂಶೋಧನ ಮಂಡಲಿಯೊಂದು ಏರ್ಪಟ್ಟು, 1951ರಲ್ಲಿ ಅದು ಹೊರಡಿಸಿದ ನಿಯಮಾವಳಿಯು ಒಂದು ರಿವೆಟ್ಟಿನ ಸ್ಥಾನದಲ್ಲಿ ಒಂದು ಬೋಲ್ಟನ್ನು ಸೇರಿಸಲು ಸಮ್ಮತಿಸಿತು.

ಹೀಗೆ ಸಂಧಿಯ ಭದ್ರತೆಯೆಲ್ಲವೂ ಬಿಗಿತವನ್ನು ಅವಲಂಬಿಸಿತು. ಆ ಬಿಗಿತವಾದರೋ ಕಣ್ಣಿಗೆ ಕಾಣದು. ನಟ್ಟನ್ನು ತಿರುಚುವ ಬಲವನ್ನು ಅಳೆದರೆ ಬೋಲ್ಟಿನ ಎಳೆತವು ತಿಳಿಯುವುದೆಂದು ಮೊದಲು ಭಾವಿಸಲಾಗಿತ್ತು. ಆದರೆ ತಿರುಚಲು ಪಟ್ಟ ಶ್ರಮದಲ್ಲಿ ಸುಮಾರು 10ರಲ್ಲಿ 9 ಪಾಲು ಘರ್ಷಣೆಗೇ ವ್ಯಯವಾಗುವುದು. ಎಣ್ಣೆಯಿದ್ದರೆ ಒಂದು ಲೆಕ್ಕ, ತುಕ್ಕಿದ್ದರೆ ಇನ್ನೊಂದು. ಬಲದ ಅಳತೆ ಒಂದೇ ಆದರೂ ಎಳೆತವು ಒಂದೇ ಆಗಿರದು.

ಈ ದೋಷದ ಪರಿಹಾರಾರ್ಥವಾಗಿ, ಫಲಕಗಳು ಒಂದನ್ನೊಂದು ಮುಟ್ಟಿ ಕೂಡಿದ ಬಳಿಕ, ಬೋಲ್ಟಿನ ಉದ್ದಕ್ಕೆ ತಕ್ಕಂತೆ ನಟ್ಟನ್ನು ಅರ್ಧ ಸುತ್ತು ಮುಂತಾಗಿ ತಿರುಗಿಸುವ ಕ್ರಮವು ಬಳಕೆಗೆ ಬಂದಿತು. ಕೈಯ ಶ್ರಮವು ಎಷ್ಟೇ ಇರಲಿ, ನಟ್ಟು ಸುತ್ತಿದಂತೆಲ್ಲ ಬೋಲ್ಟು ನೀಳವಾಗಲೇಬೇಕು. ಆ ನೀಳ್ಕೆಯೇ ಬಿಗಿತಕ್ಕೆ ಪ್ರಮಾಣ. ಬಲಕ್ಕಿಂತ ಚಲನೆಯೇ ನಂಬಲರ್ಹವಾದ ಸಾಕ್ಷಿಯೆಂಬುದು ಈ ಚರಿತ್ರೆಯ ಸಾರ.